ಮೀನೂ ಅಲ್ಲದ ಹುಳವೂ ಅಲ್ಲದ ಸೀಗಡಿ

ನನ್ನ ಅತ್ತೆ ಮಾವ ತಮ್ಮ ಸಂಸಾರದ ಉದ್ದಕ್ಕೂ ಒಂದೇ ವಿಷಯಕ್ಕೆ ಜಗಳವಾಡಿದರು. ಜಮೀನಿಗಲ್ಲ, ಒಡವೆಗಲ್ಲ, ನೆಂಟರ ಕಾರಣಕ್ಕೂ ಅಲ್ಲ, ಸೀಗಡಿಗೆ. ಸೀಗಡಿ ಮೀನು ಎನ್ನುವುದು ಅತ್ತೆಯ ವಾದ. ಹುಳ ಎನ್ನುವುದು ಮಾವನ ವಾದ. ಬೇರೆ ಜಗಳಗಳು ಬಂದು ಹೋಗುತ್ತಿದ್ದವು, ಮಾರನೆಯ ದಿನ ಯಾರಿಗೂ ನೆನಪಿರುತ್ತಿರಲಿಲ್ಲ. ಇದೊಂದು ಮಾತ್ರ ನಡುಮನೆಯ ಕಂಬದ ಹಾಗೆ ನಿಂತೇ ಇತ್ತು. ನಾನು ಸೊಸೆಯಾಗಿ ಆ ಮನೆಗೆ ಹೋದಾಗ ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು.

ನನ್ನ ಮದುವೆಯಾದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಗಂಡನ ಮನೆ ಪಾಂಡವಪುರದಿಂದ ಸ್ವಲ್ಪ ಆಚೆ, ನಾಲೆ ಪಕ್ಕದ ಹಳ್ಳಿ. ನನ್ನ ತವರು ನಾಗಮಂಗಲದ ಕಡೆ. ಅಲ್ಲಿ ಕೆರೆ ತುಂಬಿತು ಎಂದರೆ ಅದೇ ಸುದ್ದಿ, ಇಲ್ಲಿ ನೋಡಿದರೆ ಹಿತ್ತಲ ಬಾಗಿಲು ತೆಗೆದರೆ ನೀರು ಹರಿಯುವ ಸದ್ದು. ನಾನು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದೆ. ಮದುವೆಯಾದ ಮೇಲೆ ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ಬೆಳಗ್ಗೆ ನಿಂತುಕೊಂಡು ಹೋಗುವ ಬಸ್ಸು, ಸಂಜೆ ನೇತಾಡಿಕೊಂಡು ಬರುವ ಬಸ್ಸು. ಆ ಪ್ರಾಣಿಶಾಸ್ತ್ರದ ದೆಸೆಯಿಂದಲೇ ನಾನು ಈ ಸೀಗಡಿ ವ್ಯಾಜ್ಯದಲ್ಲಿ ಸಿಕ್ಕಿಕೊಂಡೆ.

ಅತ್ತೆಯ ತವರು ಬೆಳಗೊಳದ ಹತ್ತಿರ, ಹೊಳೆ ದಡದ ಊರು. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಹಳೆಯ ಸೀರೆಯನ್ನು ಆ ಕಡೆ ಈ ಕಡೆ ಹಿಡಿದುಕೊಂಡು ಕಲ್ಲು ಸಂದಿಯ ನೀರನ್ನು ಸೋಸುತ್ತಿದ್ದರಂತೆ. ಮರಿಮೀನು, ಸೀಗಡಿ ಎಲ್ಲ ಒಟ್ಟಿಗೆ ಬರುತ್ತಿದ್ದವು, ಒಟ್ಟಿಗೆ ಒಂದೇ ಮಡಕೆಗೆ ಹೋಗುತ್ತಿದ್ದವು. ಒಂದೇ ಸೀರೆಗೆ ಬಿದ್ದದ್ದು ಬೇರೆ ಬೇರೆ ಜಾತಿ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆ. ಮಾವ ಗದ್ದೆಯ ಮನುಷ್ಯ. ನಾಲೆ ಮೀನು ಎಂದರೆ ಪ್ರಾಣ. ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ನಳ್ಳಿ, ಅಂದರೆ ಏಡಿ, ಹಿಡಿದು ತಂದು, ಅದರ ಕೊಂಡಿಯನ್ನು ಹಲ್ಲಿನಲ್ಲಿ ಕಡಿದು ಸಾರು ಹೀರುತ್ತಿದ್ದರೆ ಪಕ್ಕದ ಮನೆಗೂ ಕೇಳುತ್ತಿತ್ತು. ಅಂಥವರು ಸೀಗಡಿ ಕಂಡರೆ ಮಾತ್ರ ಮೂಗು ಮುಚ್ಚುತ್ತಿದ್ದರು. ಒಣ ಸೀಗಡಿ ಹುರಿಯುವ ವಾಸನೆ ಬೀದಿಯಲ್ಲಿ ಎಲ್ಲಿಂದಲೋ ಬಂದರೂ ಟವಲ್ ಕೊಡವಿಕೊಂಡು ಗದ್ದೆ ಕಡೆ ಎದ್ದು ಹೋಗುತ್ತಿದ್ದರು. ಹೀಗಾಗಿ ಮದುವೆಯಾದ ಹೊಸತರಲ್ಲೇ ಅತ್ತೆ ಮನೆಯಲ್ಲಿ ಸೀಗಡಿ ಬಿಟ್ಟರು. ತವರಿಗೆ ಹೋದಾಗ ತಿಂದು ಬರುತ್ತಿದ್ದರು. ಬಂದ ದಿನ ಮಾವ ಜಗುಲಿಯಿಂದಲೇ, "ಹುಳ ತಿನ್ನೋಳು ಬಂದ್ಳು" ಎನ್ನುವುದು, ಅತ್ತೆ ಚೀಲ ಇಳಿಸುವ ಮೊದಲೇ, "ಮೀನು ಅನ್ನಿ" ಎನ್ನುವುದು. ಅಲ್ಲಿಂದ ಶುರು.

ನಾನು ಹೋದ ತಿಂಗಳಲ್ಲೇ ನನ್ನನ್ನು ಸಾಕ್ಷಿಗೆ ಕರೆದರು. ಭಾನುವಾರ, ಮಾವ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು, ಅತ್ತೆ ಒಲೆಯ ಮುಂದಿದ್ದರು, ನಾನು ನಡುವೆ ಬಾಗಿಲಲ್ಲಿ.

"ಪ್ರಾಣಿ ವಿಚಾರ ಓದ್ಕಂಡ್ ಬಂದಿದ್ದೀಯಲ್ಲವ್ವ, ನೀನೇ ಯೋಳು. ಸೀಗಡಿ ಏನು? ಹುಳ ತಾನೆ?" ಎಂದರು ಮಾವ.

ಒಳಗಿನಿಂದ ಅತ್ತೆ, "ನೀರ್ನಲ್ಲಿ ಹುಟ್ಟಿ ನೀರ್ನಲ್ಲೇ ಬೆಳಿಯೋದು ಅದ್ಯಾವ ಸೀಮೆ ಹುಳ? ಮೀನು ಅಂತ ಯೋಳ್ಬುಡು ಅವ್ರ್ಗೆ" ಎಂದರು.

ಹೊಸ ಸೊಸೆಗೆ ಜಾಣತನ ಇದ್ದಿದ್ದರೆ ಕೊಡ ಎತ್ತಿಕೊಂಡು ನೀರಿಗೆ ಹೋಗಬೇಕಿತ್ತು. ನನಗೆ ಓದಿದ್ದನ್ನು ಹೇಳದೆ ಇರುವುದು ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಸೀಗಡಿಯ ಅಂಗಗಳನ್ನು ಚಿಮಟದಿಂದ ಒಂದೊಂದಾಗಿ ಬಿಡಿಸಿ ರಟ್ಟಿನ ಮೇಲೆ ಸಾಲಾಗಿ ಅಂಟಿಸಿದ್ದವಳು ನಾನು. ಹತ್ತೊಂಬತ್ತು ಜೊತೆ. ಮೀಸೆ, ದವಡೆ, ನಡೆಯುವ ಕಾಲು, ಈಜುವ ಕಾಲು ಎಲ್ಲ ಸೇರಿ. ಒಂದು ಜೊತೆ ಕಳೆದುಹೋದರೂ ಮತ್ತೆ ಮೊದಲಿನಿಂದ ಮಾಡಬೇಕಿತ್ತು. ಅಷ್ಟು ಪಾಡುಪಟ್ಟಿದ್ದ ಮೇಲೆ ಸುಮ್ಮನಿರಲು ಬಾಯಿ ಎಲ್ಲಿ ಕೇಳುತ್ತದೆ. ತರಗತಿಯಲ್ಲಿ ಹೇಳುವ ಹಾಗೇ ಹೇಳಿದೆ. ಮೀನಿಗೆ ಬೆನ್ನುಮೂಳೆ ಇದೆ, ಸೀಗಡಿಗೆ ಮೂಳೆಯೇ ಇಲ್ಲ, ಹೊರಗೆ ಚಿಪ್ಪು ಇದೆ, ಆದ್ದರಿಂದ ಮೀನಲ್ಲ. ಹುಳುವಿಗೆ, ಅಂದರೆ ಕೀಟಕ್ಕೆ, ಆರು ಕಾಲು. ಇದಕ್ಕೆ ನಡೆಯುವುದಕ್ಕೇ ಹತ್ತು, ಆದ್ದರಿಂದ ಕೀಟವೂ ಅಲ್ಲ. ಅದರದ್ದೇ ಬೇರೆ ಪಂಗಡ, ಕಠಿಣಚರ್ಮಿಗಳು ಅಂತ. ಕೀಟಗಳಿಗೆ ದೂರದ ದಾಯಾದಿ.

"ನೋಡ್ದಾ, ಹುಳದ ದಾಯಾದಿ ಅಂತೆ" ಎಂದು ಮಾವ ಹಗ್ಗ ಕೆಳಗಿಟ್ಟು ಒಳಗಡೆ ಮುಖ ಮಾಡಿ ಹೇಳಿದರು.

"ಹುಳ ಅಲ್ಲ ಅಂದ್ಳಲ್ಲ, ಅದು ಕಿವಿಗೆ ಬೀಳ್ಲಿಲ್ವಾ?" ಎಂದರು ಅತ್ತೆ.

ನಾನು ಹೇಳಿದ್ದರಲ್ಲಿ ಇಬ್ಬರೂ ಅರ್ಧರ್ಧ ಹಂಚಿಕೊಂಡು ಎದ್ದರು. ಕೊಟ್ಟಿಗೆಯಲ್ಲಿ ಹಸು ಕೂಗಿತು, ಅತ್ತೆ ಆ ಕಡೆ ಹೋದರು. ಮಾವನೊಬ್ಬರೇ ಉಳಿದಾಗ, "ಮಾವ, ನೀವು ತಿನ್ನೋ ನಳ್ಳಿನೂ ಅದೇ ಪಂಗಡ, ಅಣ್ಣತಮ್ಮಂದಿರ ಹಾಗೆ" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ನಳ್ಳಿ ಬ್ಯಾರೆ ಕಣವ್ವ. ಅದು ಗದ್ದೇದು" ಎಂದರು.

ಗದ್ದೆಯದಾದರೆ ಏಕೆ ಬೇರೆ ಎಂದು ಕೇಳಬೇಕೆನಿಸಿತು. ಆದರೆ ಆ ಮಾತನ್ನು ಅವರು ಹೇಳಿದ ರೀತಿಗೆ ನನಗೇ ಒಂದು ಕ್ಷಣ ಬೇರೆ ಇದ್ದರೂ ಇರಬಹುದು ಅನ್ನಿಸಿಬಿಟ್ಟಿತು. ಆ ಮನೆಯಲ್ಲಿ ನನ್ನ ಪ್ರಾಣಿಶಾಸ್ತ್ರಕ್ಕೆ ಹೀಗೆ ಮೊದಲ ಸಲವೇ ಮಂಕು ಕವಿಯಿತು. ಆಮೇಲೆ ಅವರಿಬ್ಬರೂ ನನ್ನನ್ನು ಕೇಳಲಿಲ್ಲ, ಜಗಳವನ್ನೂ ಬಿಡಲಿಲ್ಲ.

ಕೆಲವು ವರ್ಷಗಳ ನಂತರ, ಒಂದು ಕಾರ್ತಿಕದಲ್ಲಿ, ಮಾವ ಗದ್ದೆಗೆ ನೀರು ಕಟ್ಟಿ ಬಂದವರು ಎದೆ ಯಾಕೋ ಬಿಗಿ ಹಿಡಿದಿದೆ ಎಂದು ಜಗುಲಿಯ ಮೇಲೆ ಮಲಗಿದರು. ನಮ್ಮ ಯಜಮಾನರು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅತ್ತೆ ಅಳಲಿಲ್ಲ. ಬಂದ ಹೆಂಗಸರು ಕೊರಳು ತಬ್ಬಿ ಗೋಳಾಡಿದರೆ ಅತ್ತೆಯೇ ಅವರ ಬೆನ್ನು ಸವರುತ್ತಿದ್ದರು. ಬಂದವರಿಗೆ ನೀರು ಕೊಟ್ಟಿರಾ, ಹಸುವಿಗೆ ಹುಲ್ಲು ಹಾಕಿದಿರಾ ಎಂದು ವಿಚಾರಿಸುತ್ತಿದ್ದರು. ಮೂಲೆಯಲ್ಲಿ ಕೂತ ಇಬ್ಬರು, "ಕಣ್ಣಲ್ಲಿ ಒಂದ್ ತೊಟ್ಟು ನೀರಿಲ್ಲ ನೋಡು" ಎಂದದ್ದು ನನ್ನ ಕಿವಿಗೂ ಬಿತ್ತು. ನನಗೆ ಕೋಪ ಬಂತು. ಜೊತೆಗೆ ಅವರು ಹೇಳಿದ್ದು ನಿಜವಲ್ಲವೇ ಎಂದು ಒಳಗೇ ಒಂದು ಗೊಂದಲವೂ ಆಯಿತು. ಇಷ್ಟು ವರ್ಷ ಜಗಳವಾಡಿದವರಿಗೆ ಗಂಡ ಹೋದರೆ ಹೇಗಾಗುತ್ತದೆ, ನಿರಾಳವಾಗುತ್ತದೆಯೇ? ನನಗೆ ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ.

ಬೂದಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋದೆವು. ಹೆಂಗಸರು ಬೇಡ ಎಂದರೂ ಅತ್ತೆ ಕೇಳದೆ ಬಂದರು, ಅವರ ಜೊತೆಗೆ ನಾನು. ಹೊಳೆಯಲ್ಲಿ ಕಾರ್ಯ ಮುಗಿಸಿ ಅನ್ನದ ಉಂಡೆಗಳನ್ನು ನೀರಿಗೆ ಬಿಟ್ಟ ಕೂಡಲೇ ಎಲ್ಲಿದ್ದವೋ ಮೀನುಗಳು, ಮುತ್ತಿಕೊಂಡವು. ನೀರು ಕುದಿಯುವ ಹಾಗೆ ಕಾಣುತ್ತಿತ್ತು. ಕಣ್ಣೆದುರಿಗೇ ಉಂಡೆಗಳು ಕರಗಿಹೋದವು. ಅತ್ತೆ ಬಗ್ಗಿ ಅದನ್ನೇ ನೋಡುತ್ತಿದ್ದರು.

ನಮ್ಮ ಕಡೆ ಹೀಗೆ ಹೊಳೆಗೆ ಬಂದಾಗ ಏನನ್ನಾದರೂ ಬಿಡುವ ಪದ್ಧತಿ ಇದೆ. ತೀರಿಕೊಂಡವರಿಗೆ ಇಷ್ಟವಾಗಿದ್ದದ್ದೋ, ತಮಗೆ ಇಷ್ಟವಾದದ್ದೋ ಒಂದು ಪದಾರ್ಥ ಹೇಳಿ, ಇನ್ನು ಇದನ್ನು ಮುಟ್ಟುವುದಿಲ್ಲ ಎಂದು ಬೊಗಸೆ ನೀರು ಬಿಡುವುದು. ನನ್ನ ಗಂಡನ ಸೋದರತ್ತೆಯೊಬ್ಬರು ಹೀಗೆ ಹಾಗಲಕಾಯಿ ಬಿಟ್ಟಿದ್ದರು. ಅವರು ಅದನ್ನು ಮೊದಲೂ ತಿನ್ನುತ್ತಿರಲಿಲ್ಲ. ನಮ್ಮತ್ತೆ ಅಂಥ ಚಾಲಾಕಿ ಅಲ್ಲ. ಬೊಗಸೆಯಲ್ಲಿ ನೀರು ತೆಗೆದುಕೊಂಡು, "ಅವ್ರ ಅನ್ನ ತಿಂದೋವೆ. ಇನ್ಮ್ಯಾಕೆ ನಾನು ಮೀನು ಮುಟ್ಟಕಿಲ್ಲ" ಎಂದರು. ನೀರು ಬಿಟ್ಟರು.

ತಿಥಿ ಮುಗಿಯಿತು, ನೆಂಟರು ಹೋದರು. ಆಮೇಲೆ ನೋಡಿದರೆ ಅತ್ತೆ ಊಟ ಮಾಡುತ್ತಿಲ್ಲ.

ಉಪವಾಸ ಅಂತಲ್ಲ. ಕರೆದರೆ ಬಂದು ಕೂರುತ್ತಿದ್ದರು. ಮುದ್ದೆಯ ಒಂದು ಮೂಲೆ ಮುರಿದು, ಸಾರಿನಲ್ಲಿ ಅದ್ದಿ, ಅದನ್ನೇ ಅತ್ತ ಇತ್ತ ತಿರುಗಿಸಿ, "ಸಾಕು ಕಣವ್ವ" ಎಂದು ಏಳುತ್ತಿದ್ದರು. ಬಸ್ಸಾರು ಮಾಡಿದೆ, ಕೋಳಿ ಮಾಡಿಸಿದೆ, ಅಕ್ಕಿ ರೊಟ್ಟಿ, ಉಪ್ಪಿಟ್ಟು, ಏನು ಮಾಡಿದರೂ ಅಷ್ಟೇ. ರವಿಕೆ ತೋಳಿನಲ್ಲಿ ಜೋತುಬಿತ್ತು. ಬಳೆಗಳು ಮೊದಲೇ ಹೋಗಿದ್ದ ಕೈ ಇನ್ನೂ ಸಣ್ಣಗೆ ಕಾಣತೊಡಗಿತು. ಪಾಂಡವಪುರದ ಡಾಕ್ಟರು ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದು ಟಾನಿಕ್ಕು ಕೊಟ್ಟರು. ಅದರಲ್ಲಿ ಅತ್ತೆ ಅರ್ಧ ಕುಡಿದರು, ಅರ್ಧ ಕರುವಿಗೆ ಕುಡಿಸಿದರು. ಕರು ಚೆನ್ನಾಗಾಯಿತು. ನನಗೆ ಹೆದರಿಕೆಯಾಯಿತು. ಮಾವನ ಹಿಂದೆಯೇ ಇವರೂ ಹೊರಟುಬಿಟ್ಟರೆ ಎಂದು ಪಾಠ ಮಾಡುತ್ತಾ ಮಾಡುತ್ತಾ ನೆನಪಾಗಿ ಮಾತು ತಪ್ಪುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಪಕ್ಕದ ಮನೆಯಲ್ಲಿ ಒಣ ಸೀಗಡಿ ಹುರಿಯುತ್ತಿದ್ದರು. ನಾನು ಬಸ್ಸಿಳಿದು ಬಂದು ಕಾಲು ತೊಳೆಯುತ್ತಿದ್ದೆ. ಅತ್ತೆ ಹಿತ್ತಲ ಕಲ್ಲಿನ ಮೇಲೆ ಕೂತಿದ್ದವರು ತಲೆ ಎತ್ತಿ ವಾಸನೆ ಹಿಡಿದರು. ಬಹಳ ದಿನದ ಮೇಲೆ ಆ ಮುಖದಲ್ಲಿ ಆಸೆ ಅನ್ನುವುದು ಕಂಡಿತು.

"ಏನವ್ವ," ಎಂದರು, "ಸೀಗಡಿ ಮೀನಾ? ಅಲ್ವಾ? ಸರಿಯಾಗಿ ಯೋಳು."

ನನಗೆ ಎಲ್ಲ ಹೊಳೆಯಿತು ಎಂದುಕೊಂಡೆ. ಅತ್ತೆಗೆ ಸೀಗಡಿ ತಿನ್ನುವ ಮನಸ್ಸಾಗಿದೆ. ಹೊಳೆಯಲ್ಲಿ ಮೀನು ಬಿಟ್ಟಿದ್ದಾರೆ. ಸೀಗಡಿ ಮೀನಾದರೆ ಮುಟ್ಟುವ ಹಾಗಿಲ್ಲ. ಮೀನಲ್ಲ ಎಂದರೆ ದಾರಿ ಸಲೀಸು. ನನ್ನ ಓದು ಕೊನೆಗೂ ಆ ಮನೆಯಲ್ಲಿ ಉಪಯೋಗಕ್ಕೆ ಬಂತಲ್ಲ ಎಂದು ಖುಷಿಯಿಂದ, ಕಾಲು ಒರೆಸಿಕೊಳ್ಳುವುದನ್ನೂ ಮರೆತು, "ಖಂಡಿತಾ ಮೀನಲ್ಲ ಅತ್ತೆ. ಯಾವ ಪುಸ್ತಕ ಬೇಕಾದರೂ ತೋರಿಸ್ತೀನಿ" ಎಂದೆ.

ಅತ್ತೆಯ ಮುಖ ಬಾಡಿತು. ನಾನು ಕಣ್ಣಾರೆ ನೋಡಿದೆ. "ಅಂಗಾ," ಎಂದರು. ಎದ್ದು ಒಳಗೆ ಹೋದರು. ಅಂದು ಮುದ್ದೆಯ ಆ ಮೂಲೆಯನ್ನೂ ಮುರಿಯಲಿಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ. ತಿನ್ನಬಹುದು ಎಂದರೆ ಬೇಜಾರಾಗುವುದು ಯಾವ ನ್ಯಾಯ? ಬಹುಶಃ ಬಾಯಿಬಿಟ್ಟು ಕೇಳಲು ಸಂಕೋಚ ಇರಬೇಕು ಎಂದುಕೊಂಡು ಮಾರನೆಯ ದಿನ ಕೆ.ಆರ್. ಪೇಟೆ ಮಾರ್ಕೆಟ್ಟಿನಲ್ಲಿ ಒಣ ಸೀಗಡಿ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ನನ್ನ ಚೀಲ ನೋಡಿ, ನನ್ನನ್ನು ನೋಡಿ, ಕಿಟಕಿ ತೆಗೆದಳು. ಮನೆಗೆ ತಂದು ಅತ್ತೆಯ ಕೈಗೆ ಕೊಟ್ಟರೆ ಅವರು ಪೊಟ್ಟಣ ಬಿಚ್ಚಲಿಲ್ಲ. ಒಳಗೂ ತರಲಿಲ್ಲ. ಹಿತ್ತಲಲ್ಲಿ ಸೌದೆ ಮೇಲಿನ ಗೂಟಕ್ಕೆ ನೇತುಹಾಕಿದರು. "ಇರ್ಲಿ" ಎಂದರು. ಪೊಟ್ಟಣ ಅಲ್ಲೇ ಇತ್ತು. ಬೆಕ್ಕು ದಿನವೂ ಅದರ ಕೆಳಗೆ ಕೂತು ಮೇಲೆ ನೋಡುತ್ತಿತ್ತು.

ಆ ವಾರ ನಾಗಮಂಗಲಕ್ಕೆ ಹೋಗಿದ್ದಾಗ ನಮ್ಮವ್ವನಿಗೆ ಎಲ್ಲ ಹೇಳಿದೆ. ನಮ್ಮವ್ವ ರಾಗಿ ಕೇರುತ್ತಾ ಪೂರ್ತಿ ಕೇಳಿಸಿಕೊಂಡರು.

"ನೀನು ಮೀನಲ್ಲ ಅಂದೆ, ಅವ್ರು ಮುಖ ಬಾಡುಸ್ಕಂಡ್ರು. ಅಂಗಾರೆ ಮೀನು ಅನ್ನು. ನೋಡವ" ಎಂದರು.

"ಅದು ಸುಳ್ಳಲ್ವೇನವ್ವ?"

"ನಿಂದೊಳ್ಳೆ ಸತ್ಯ ಕಣೆ. ಆವಮ್ಮ ಸೊರಗಿ ಸೊರಗಿ ಕಡ್ಡಿ ಆಗೋಗ್ಲಿ, ನೀನು ಸತ್ಯ ಇಟ್ಕಂಡು ಕೂತ್ಕೊ" ಎಂದು ಮೊರ ಕೊಡವಿದರು.

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಮಾಡಿಕೊಂಡೆ. ಮನೆಗೆ ಬಂದವಳೇ, "ಅತ್ತೆ, ಪುಸ್ತಕದಲ್ಲಿ ಏನಾದರೂ ಇರಲಿ, ಮಾರ್ಕೆಟ್ಟಿನಲ್ಲಿ ಸೀಗಡಿನ ಮೀನಿನ ಜೊತೆಗೇ ಮಾರ್ತಾರೆ. ಸಮುದ್ರದಲ್ಲಿ ಹಿಡಿಯೋರೂ ಮೀನು ಹಿಡಿಯೋರೇ. ಜನದ ಲೆಕ್ಕದಲ್ಲಿ ಅದೂ ಮೀನೇ" ಎಂದೆ. ಇದರಲ್ಲಿ ಸುಳ್ಳೇನೂ ಇಲ್ಲವಲ್ಲ.

ಅತ್ತೆಯ ಮುಖ ಅರಳಿತು. ಅರಳಿತು ಎಂದರೆ ಎಷ್ಟು, ಎದ್ದು ನಿಂತು ಸೆರಗು ಸರಿಮಾಡಿಕೊಂಡು ಜಗುಲಿ ಕಡೆ ತಿರುಗಿದರು.

"ನಾನ್ ಯೋಳ್ಲಿಲ್ವಾ! ಇಷ್ಟ್ ವರ್ಷ ಬಡ್ಕೊಂಡೆ. ಇದ್ದಿದ್ರೆ ಈಗ ಮುಖ ಎಲ್ಲಿ ಇಟ್ಕೊಳೋರು ಕೇಳು."

ನಾನು ಗೆದ್ದೆ ಎಂದುಕೊಂಡು, "ಹಾಗಾದರೆ ಇವತ್ತು ಸೀಗಡಿ ಸಾರು ಮಾಡಲಾ?" ಎಂದೆ.

ಅತ್ತೆ ನನ್ನನ್ನು ತಿಳಿಗೇಡಿಯನ್ನು ನೋಡುವ ಹಾಗೆ ನೋಡಿದರು. "ಮೀನು ಅಂತ ನೀನೇ ಯೋಳ್ದಲ್ಲವ್ವ. ಹೊಳೇಲಿ ಬುಟ್ಟಿದ್ದೀನಿ. ಹೆಂಗ್ ತಿನ್ಲಿ?" ಎಂದು ಸಂತೋಷವಾಗಿಯೇ ಹೇಳಿ, ಸಂತೋಷವಾಗಿಯೇ ಉಪವಾಸ ಮಲಗಿದರು.

ಆಗ ನನಗೆ ಗಂಟು ಕಂಡಿತು. ಕಂಡದ್ದೇ ಹೊರತು ಬಿಚ್ಚುವ ದಾರಿ ಕಾಣಲಿಲ್ಲ. ಸೀಗಡಿ ಮೀನಾದರೆ ಅತ್ತೆ ಗೆದ್ದ ಹಾಗೆ, ಆದರೆ ತಿನ್ನುವ ಹಾಗಿಲ್ಲ. ಸೀಗಡಿ ಮೀನಲ್ಲದಿದ್ದರೆ ತಿನ್ನಬಹುದು, ಆದರೆ ಮಾವ ಗೆದ್ದ ಹಾಗೆ. ಜೀವವಿದ್ದಾಗ ಒಂದು ದಿನವೂ ಒಪ್ಪಿಕೊಳ್ಳದ ಮಾತನ್ನು ಈಗ, ಎದುರಿಗೆ ಆಳೇ ಇಲ್ಲದಾಗ, ಒಂದು ತುತ್ತಿನ ಆಸೆಗೆ ಹೇಗೆ ಒಪ್ಪುವುದು? ಇದನ್ನು ನಮ್ಮ ಯಜಮಾನರಿಗೆ ವಿವರಿಸಿದೆ. ಅವರು ಹಾಲಿನ ಕ್ಯಾನು ತೊಳೆಯುತ್ತಾ, "ಅಪ್ಪ ಅವ್ವನ್ ಜಗಳಕ್ಕೆ ಹುಟ್ದಾಗ್ನಿಂದ ನಾನು ತಲೆ ಹಾಕಿಲ್ಲ. ಈಗ್ಲೂ ಹಾಕಾಕಿಲ್ಲ" ಎಂದರು. ಒಬ್ಬರು ಹೋಗಿಯಾಗಿದೆ, ಇನ್ನೂ ಯಾವ ಜಗಳ ಎಂದು ಕೇಳಿದೆ. ಅವರು ಕ್ಯಾನನ್ನು ಇನ್ನೊಂದು ಸಲ ತೊಳೆದರು.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಬೆಳಗ್ಗೆ ನಾನೂ ಅತ್ತೆಯೂ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಂಡು ಕಾಯಿ ಸುಲಿಯುತ್ತಿದ್ದೆವು. ತಲೆಯ ಮೇಲೆ ಗೂಟದಲ್ಲಿ ಆ ಪೊಟ್ಟಣ. ನಾನು ಅದರ ಮಾತೆತ್ತಬಾರದು ಎಂದು ಶಪಥ ಮಾಡಿಕೊಂಡಿದ್ದೆ. ಅತ್ತೆಯೇ ಎತ್ತಿದರು.

"ಒಂದ್ಸಲ ಅಲ್ಲ ಅಂತೀಯ, ಒಂದ್ಸಲ ಹೌದು ಅಂತೀಯ. ನೀನ್ ಓದಿರೋದ ಪೂರ್ತಿ ಯೋಳ್ಬುಡು. ನಾನು ಮಧ್ಯೆ ಬಾಯಾಕಾಕಿಲ್ಲ."

ನಾನು ಮೊರದ ಮೇಲೆ ಅವರೆಕಾಳಿನಲ್ಲಿ ಗುಡ್ಡೆ ಮಾಡುತ್ತಾ ಹೇಳಿದೆ. ಇದು ಬೆನ್ನುಮೂಳೆ ಇರುವವರ ಗುಡ್ಡೆ: ಮೀನು, ಕಪ್ಪೆ, ಹಾವು, ಕೊಕ್ಕರೆ, ಹಸು, ನಾವು. ಇದು ಮೂಳೆ ಇಲ್ಲದೆ ಹೊರಗೆ ಗಟ್ಟಿ ಕವಚ, ಗಂಟು ಗಂಟಾದ ಕಾಲು ಇರುವವರ ಗುಡ್ಡೆ. ಅದರಲ್ಲೇ ಭಾಗ. ಇಲ್ಲಿ ಇರುವೆ, ಜಿರಲೆ, ಮಿಡತೆ. ಇಲ್ಲಿ ಜೇಡ, ಚೇಳು. ಇಲ್ಲಿ ಸೀಗಡಿ, ಅದರ ಪಕ್ಕದಲ್ಲೇ ನಳ್ಳಿ.

ಅತ್ತೆಯ ಕೈ ನಿಂತಿತು. "ಯಾವ್ದು ಪಕ್ಕದಲ್ಲಿ?"

"ನಳ್ಳಿ ಅತ್ತೆ. ಎರಡಕ್ಕೂ ಹತ್ತು ಕಾಲು. ನಳ್ಳಿ ಬಾಲನ ಹೊಟ್ಟೆ ಕೆಳಗೆ ಮಡಿಚಿಕೊಂಡಿರುತ್ತೆ, ಸೀಗಡಿ ಚಾಚಿಕೊಂಡಿರುತ್ತೆ, ಅಷ್ಟೇ."

ನನ್ನನ್ನು ಸಾಕ್ಷಿಗೆ ಕರೆದ ದಿನ ಹಸು ಕೂಗಿ ಅತ್ತೆ ಕೊಟ್ಟಿಗೆಗೆ ಹೋಗಿದ್ದರಿಂದ ಈ ಮಾತು ಅವರ ಕಿವಿಗೆ ಬಿದ್ದಿರಲೇ ಇಲ್ಲ ಎಂದು ನನಗೆ ಆಗ ನೆನಪಾಯಿತು. ಅತ್ತೆ ನಗಲು ಶುರುಮಾಡಿದರು. ಸದ್ದಿಲ್ಲದ ನಗು, ಭುಜ ಕುಲುಕುತ್ತಿತ್ತು.

"ಅಂಗಾರೆ ಅವ್ರು ಬದ್ಕಿರೋಗಂಟ ಹುಳ ಕಡ್ಕಂಡು ಕಡ್ಕಂಡು ತಿಂದ್ರಲ್ಲವ್ವ. ಅವ್ರ್ಗೆ ಯೋಳಿದ್ಯಾ ಇದ?"

"ಹೇಳಿದ್ದೆ. ನಳ್ಳಿ ಬೇರೆ, ಅದು ಗದ್ದೇದು ಅಂದರು."

"ಅಂದಿರ್ತಾರೆ" ಎಂದು ಅತ್ತೆ ಕಣ್ಣೊರೆಸಿಕೊಂಡರು. ನಗು ಇಳಿದ ಮೇಲೆ, "ಒಳ್ಳೇದಾಯ್ತು ಬುಡು, ನಂಬ್ದೆ ಇದ್ದದ್ದು. ನಂಬಿದ್ರೆ ನಳ್ಳಿನೂ ಬುಟ್ಬುಡೋರು" ಎಂದರು.

ಸ್ವಲ್ಪ ಹೊತ್ತು ಇಬ್ಬರೂ ಕಾಯಿ ಸುಲಿದೆವು. ಆಮೇಲೆ ಅವರು, "ಅದೇನ್ ತಿಂತದೆ, ಈ ಸೀಗಡಿ?" ಎಂದರು.

ನಾನು ಹೆದರಿದೆ. ಪಿಂಡದ ಅನ್ನವನ್ನು ಮುತ್ತಿದ ಮೀನುಗಳು ಕಣ್ಣೆದುರು ಬಂದವು. ಮೀನು ಅವರ ಅನ್ನ ತಿಂದಿತು ಎಂದೇ ಅಲ್ಲವೇ ಇವರು ಮೀನು ಬಿಟ್ಟದ್ದು. ಸೀಗಡಿ ತಿನ್ನುವುದು ನೀರಿನ ತಳಕ್ಕೆ ಬಿದ್ದದ್ದನ್ನು. ಕೊಳೆತ ಎಲೆ, ಪಾಚಿ, ಸತ್ತ ಮೀನಿನ ಚೂರು, ಮೇಲಿನವರು ತಿಂದು ಉದುರಿಸಿದ್ದು. ಇದನ್ನು ಹೇಳಿದರೆ ಇರುವ ಒಂದು ದಾರಿಯೂ ಮುಚ್ಚುತ್ತದೆ. ಹೇಳದಿದ್ದರೆ ಪೂರ್ತಿ ಹೇಳು ಎಂದು ಅವರು ಕೇಳಿದ್ದಾರೆ. ಏನು ಮಾಡಬೇಕೋ ಗೊತ್ತಾಗದೆ ಕಾಳನ್ನು ಒಂದು ಗುಡ್ಡೆಯಿಂದ ಇನ್ನೊಂದಕ್ಕೆ ತಳ್ಳುತ್ತಾ ಕೂತೆ.

"ಯಾಕವ್ವ, ಅದು ಪುಸ್ತಕದಲ್ಲಿ ಇಲ್ವಾ?"

"ಇದೆ" ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೀಗಡಿಯನ್ನು ಮೀನು ತಿನ್ನುತ್ತದೆ, ಮೀನನ್ನು ಕೊಕ್ಕರೆ ತಿನ್ನುತ್ತದೆ, ನೀರುನಾಯಿ ಎರಡನ್ನೂ ತಿನ್ನುತ್ತದೆ. ಎಲ್ಲರದ್ದೂ ಮುಗಿದ ಮೇಲೆ ತಳಕ್ಕೆ ಬಿದ್ದದ್ದು ಸೀಗಡಿಗೆ. "ಈ ಪೊಟ್ಟಣದಲ್ಲಿರೋದು ಸಮುದ್ರದ್ದು ಅತ್ತೆ, ನಮ್ಮ ಹೊಳೇದಲ್ಲ" ಎಂದೂ ಸೇರಿಸಿದೆ.

ಅವರು ಆ ಕೊನೆಯ ಮಾತನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಸುಲಿದ ಸಿಪ್ಪೆಯನ್ನು ಕೈಯಲ್ಲಿ ಹಿಡಿದುಕೊಂಡು ಯೋಚಿಸುತ್ತಿದ್ದರು.

"ಮೀನು ಉಂಡು ಮಿಕ್ಕಿದ್ದು ಇದ್ಕೆ."

"ಹೂಂ."

"ನಾನೂ ಅಂಗೆ ಅಲ್ವಾ. ಅವ್ರು ಉಂಡ್ ಮ್ಯಾಲೆ ಅದೇ ತಟ್ಟೇಲಿ ಉಂಡೋಳು. ಈಗ ಊಟಕ್ಕೆ ಕೂತ್ರೆ ನಂಗೆ ಗೊತ್ತೇ ಆಗಾಕಿಲ್ಲ ಕಣವ್ವ, ಯಾವಾಗ ಉಣ್ಬೇಕು ಅಂತ. ಯಾರೂ ಇನ್ನೂ ಉಂಡಿಲ್ಲ ಅನ್ನಂಗೆ ಆಯ್ತದೆ."

ಇಷ್ಟು ದಿನ ನಾನು ತಟ್ಟೆ ತೊಳೆದು, ಹೊಸದಾಗಿ ಬಡಿಸಿ, ಮೊದಲು ನೀವು ಉಣ್ಣಿ ಅತ್ತೆ ಎಂದು ಒತ್ತಾಯ ಮಾಡುತ್ತಿದ್ದೆ. ಬಸ್ಸಾರು, ಕೋಳಿ, ಟಾನಿಕ್ಕು ಎಂದು ಓಡಾಡುತ್ತಿದ್ದೆ. ಅವರ ಕಷ್ಟ ಬಾಯಿರುಚಿಯದಾಗಿರಲೇ ಇಲ್ಲ.

ಅತ್ತೆ ಎದ್ದು ಮಡಿಲಿನ ಸಿಪ್ಪೆ ಕೊಡವಿದರು. ಗೂಟದಿಂದ ಪೊಟ್ಟಣ ಇಳಿಸಿದರು. "ಓಗ್ಲಿ, ಅವ್ರೇ ಗೆದ್ರು ಅನ್ಕೊ. ಬದನೆಕಾಯಿ ತತ್ತಾ" ಎಂದರು.

ಒಳಗಿನ ಒಲೆಯಲ್ಲಿ ಮಾಡಿ ಎಂದರೆ ಕೇಳಲಿಲ್ಲ. "ಅವ್ರ್ಗೆ ವಾಸ್ನೆ ಆಗಾಕಿಲ್ಲ" ಎಂದು ಹಿತ್ತಲಲ್ಲೇ ಕಲ್ಲು ಜೋಡಿಸಿ ಸೌದೆ ಹಚ್ಚಿದರು. ನಾನು ಸೀಗಡಿಯ ತಲೆ ಬಾಲ ಮುರಿದು ಕೊಟ್ಟೆ. ಕಾಲೇಜಿನಲ್ಲಿ ರಟ್ಟಿನ ಮೇಲೆ ಅಂಟಿಸಿದ್ದಂಥವೇ ಅಷ್ಟೂ ಜೊತೆ ಕಾಲುಗಳು ಇಲ್ಲಿ ಒಣಗಿ ಪುಡಿಯಾಗಿ ಬೆರಳಿಗೆ ಅಂಟುತ್ತಿದ್ದವು. ಅತ್ತೆ ಅದನ್ನು ಹುರಿದು, ಬಿಸಿನೀರಿನಲ್ಲಿ ತೊಳೆದು, ಅವರೆಕಾಳು ಬದನೆಕಾಯಿ ಜೊತೆ ಕುದಿಯಲು ಇಟ್ಟರು. ಖಾರ ರುಬ್ಬುವುದನ್ನು ನನಗೆ ಬಿಡಲಿಲ್ಲ. ವಾಸನೆ ಬೀದಿಗೆ ಹೋಯಿತು. ನಮ್ಮ ಯಜಮಾನರು ಬಂದು ಇಣುಕಿ ನೋಡಿ, ಏನೂ ಕೇಳದೆ, ನಡುಮನೆಯ ಬಾಗಿಲನ್ನು ಮುಂದಕ್ಕೆ ಎಳೆದು ಹೋದರು. ಜಗುಲಿಗೆ ವಾಸನೆ ಬಾರದಿರಲಿ ಎಂದು ಅವರೂ ಅಂದುಕೊಂಡರೋ ಏನೋ.

ಊಟಕ್ಕೆ ಹಿತ್ತಲಲ್ಲೇ ನಾನು ಮೊದಲು ಕೂತೆ. ಬೇಕೆಂದೇ ಕೂತೆ. ಅತ್ತೆ ನನಗೆ ಬಡಿಸಿ ಪಕ್ಕದಲ್ಲಿ ನಿಂತಿದ್ದರು. ನಾನು ಉಂಡು ಏಳುವಾಗ ತಟ್ಟೆಯನ್ನು ತೊಳೆಯಲು ತೆಗೆದುಕೊಂಡು ಹೋಗಲಿಲ್ಲ, ಅಲ್ಲೇ ಬಿಟ್ಟೆ. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು, ಅದರ ಮುಂದೆಯೇ ಕೂತರು. ಅದೇ ತಟ್ಟೆಗೆ ಮುದ್ದೆ ಇಟ್ಟೆ, ಸಾರು ಹಾಕಿದೆ.

ಮುರಿಯುವ ಮೊದಲು ಅವರು ಮುಚ್ಚಿದ ಬಾಗಿಲ ಕಡೆ ತಿರುಗಿದರು. ಜಗುಲಿಗೆ ಕೇಳುವಷ್ಟು ಗಟ್ಟಿಯಾಗಿ, "ನೀವ್ ಯೋಳಿದ್ದೇ ಸರಿ. ಹುಳವೇ ಅದು" ಎಂದರು.

ಈ ಮಾತಿಗೆ ಮಾವ ಏನಾದರೂ ಅನ್ನಲೇಬೇಕಿತ್ತು. ಇಷ್ಟು ವರ್ಷ ಅತ್ತೆಯ ಒಂದು ಮಾತನ್ನೂ ಅವರು ಉತ್ತರವಿಲ್ಲದೆ ಹೋಗಗೊಟ್ಟವರಲ್ಲ, ಅದರಲ್ಲೂ ತಾವು ಗೆದ್ದ ದಿನ ಊರಿಗೆಲ್ಲ ಕೇಳುವ ಹಾಗೆ ಅಂದುಬಿಡುತ್ತಿದ್ದರು. ಅತ್ತೆ ಕಿವಿಗೊಟ್ಟು ಕಾದರು. ನಾನೂ ಕಾದೆ, ಯಾಕೆಂದು ನನಗೇ ತಿಳಿಯದು. ಜಗುಲಿಯಿಂದ ಏನೂ ಬರಲಿಲ್ಲ.

ಆಗ ಅವರಿಗೆ ಅಳು ಬಂತು. ಮಾವ ತೀರಿಕೊಂಡ ದಿನ ಬಾರದ ಅಳು, ಹೊಳೆಯ ದಡದಲ್ಲಿ ಬಾರದ ಅಳು, ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲದ ಹಾಗೆ ಬಂತು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಬಹಳ ಹೊತ್ತಾದ ಮೇಲೆ ಅಳುತ್ತಲೇ ಮುದ್ದೆ ಮುರಿದರು, ಸಾರಿನಲ್ಲಿ ಅದ್ದಿ ನುಂಗಿದರು, ಒಂದು ಸೀಗಡಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಮುದ್ದೆ ಅರ್ಧ ಮುಗಿದಾಗ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಸಾಕು ಎನ್ನುತ್ತಾರೆ ಎಂದುಕೊಂಡೆ.

"ಇನ್ನೊಂದ್ ಸೌಟು ಉಯ್ಯವ್ವ" ಎಂದರು.